ರಾಮಮೋಹನ ರಾಯರು ಮತ್ತು ತ್ರಿತ್ವದ ವಾದ



ಬೆಂಗಳೂರಿನ ನೇರಳೆ ಮೆಟ್ರೊ ಮಾರ್ಗದಲ್ಲಿ ಎಂ.ಜಿ. ರಸ್ತೆ ಬಿಟ್ಟರೆ ಮುಂದಿನ ನಿಲ್ದಾಣ ಟ್ರಿನಿಟಿ. ಅದಾದ ಮೇಲೆ ಹಲಸೂರು. ದಿನವೂ ಸಾವಿರಾರು ಜನರ ಕಿವಿಗೆ ಆ ಹೆಸರು ಬೀಳುತ್ತದೆ. ಅಲ್ಲಿಯ ವೃತ್ತಕ್ಕೂ ಅದೇ ಹೆಸರು. ಎರಡಕ್ಕೂ ಅದು ಬಂದದ್ದು ಪಕ್ಕದ ಹೋಲಿ ಟ್ರಿನಿಟಿ ಚರ್ಚಿನಿಂದ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ದಂಡಿನ ಬ್ರಿಟಿಷರಿಗಾಗಿ ಕಟ್ಟಿದ ಚರ್ಚು ಅದು. ಟ್ರಿನಿಟಿ ಎಂದರೆ ತ್ರಿತ್ವ. ತಂದೆ ದೇವರು, ಮಗ ದೇವರು, ಪವಿತ್ರಾತ್ಮ ದೇವರು. ಆದರೂ ದೇವರು ಒಬ್ಬನೇ. ಕ್ರೈಸ್ತ ಸಭೆಗಳಲ್ಲಿ ಬಹುಪಾಲಿನವು ನಂಬುವ ಮಾತು ಇದು.

ಅದು ಹೇಗೆ ಸಾಧ್ಯ ಎಂದು ಹೊರಗಿನವರು ಕೇಳುತ್ತಾರೆ. ಒಳಗಿನವರು ಅದಕ್ಕಿಂತ ಹೆಚ್ಚು ಕೇಳಿದ್ದಾರೆ. ಸಾವಿರದ ಏಳುನೂರು ವರ್ಷಗಳಿಂದ ಈ ವಾದ ನಿಂತಿಲ್ಲ. ಅದರ ಒಂದು ಕಂತನ್ನು ಇಂದು ನಿಮ್ಮ ಮುಂದೆ ಇಡುತ್ತೇನೆ. ಅದು ನಡೆದದ್ದು ಇನ್ನೂರು ವರ್ಷಗಳ ಹಿಂದೆ, ಕಲ್ಕತ್ತೆಯಲ್ಲಿ. ಒಂದು ಕಡೆ ಇಂಗ್ಲಿಷ್ ಪಾದ್ರಿ ಜೋಶುವಾ ಮಾರ್ಷ್‌ಮನ್. ಇನ್ನೊಂದು ಕಡೆ ರಾಮಮೋಹನ ರಾಯರು. ಹೌದು, ಸತಿ ಪದ್ಧತಿಯ ವಿರುದ್ಧ ಹೋರಾಡಿದವರೆಂದು ಶಾಲೆಯಲ್ಲಿ ಓದಿದ್ದೀರಲ್ಲ, ಅವರೇ. ಅವರು ಮೂರು ವರ್ಷ ಬೈಬಲ್ಲನ್ನು ಮುಂದಿಟ್ಟುಕೊಂಡು ಪಾದ್ರಿಯೊಡನೆ ವಾದಿಸಿದ್ದು ಮಾತ್ರ ಶಾಲೆಯ ಪುಸ್ತಕಕ್ಕೆ ಬಂದಿಲ್ಲ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಒಂದೋ ಮೂರೋ ಎಂಬ ಲೆಕ್ಕದ ಜಗಳ ಎಂದುಕೊಂಡು ಹೊರಟರೆ ಈ ವಾದ ಕೈಗೆ ಸಿಗುವುದಿಲ್ಲ. ದೇವರು ಒಬ್ಬನೇ ಎಂಬುದರಲ್ಲಿ ಇಬ್ಬರಿಗೂ ಸಂಶಯವಿರಲಿಲ್ಲ. ಪಾಪದಲ್ಲಿ ಸಿಕ್ಕಿಕೊಂಡ ಮನುಷ್ಯನನ್ನು ಬಿಡಿಸುವವರು ಯಾರು? ಜಗಳ ಇದ್ದದ್ದು ಅಲ್ಲಿ.

ಕಲ್ಕತ್ತೆಗೆ ಹೋಗುವ ಮುನ್ನ ಸ್ವಲ್ಪ ಹಿಂದಕ್ಕೆ ಹೋಗೋಣ.

ಯೇಸುವಿನ ಮೊದಲ ಶಿಷ್ಯರು ಯೆಹೂದ್ಯರು. ದೇವರು ಒಬ್ಬನೇ ಎಂಬುದು ಅವರ ದಿನನಿತ್ಯದ ಪ್ರಾರ್ಥನೆ. ಅದೇ ಜನ ಯೇಸುವಿಗೆ ಅಡ್ಡಬಿದ್ದರು. ತಂದೆಯ, ಮಗನ, ಪವಿತ್ರಾತ್ಮನ ಹೆಸರಿನಲ್ಲಿ ದೀಕ್ಷಾಸ್ನಾನ ಕೊಟ್ಟರು. ಮೊದಮೊದಲು ಯಾರೂ ಇದಕ್ಕೆ ಸಿದ್ಧಾಂತ ಕಟ್ಟಲಿಲ್ಲ. ನಂಬಿಕೆ ಮುಂದೆ ನಡೆಯಿತು, ವಿವರಣೆ ಹಿಂದಿನಿಂದ ಬಂತು.

ವಿವರಿಸಲು ಹೋದವರು ಎಡವಿದರು. ಒಬ್ಬನೇ ದೇವರು ಮೂರು ವೇಷ ತೊಟ್ಟು ಬರುತ್ತಾನೆ ಎಂದರು ಕೆಲವರು. ಮೂರನೆಯ ಶತಮಾನದ ಸಬೆಲ್ಲಿಯಸ್ ಎಂಬವನ ಹೆಸರಿನಲ್ಲಿ ಆ ಮತ ಪ್ರಸಿದ್ಧವಾಯಿತು. ನೀರು, ಮಂಜುಗಡ್ಡೆ, ಆವಿ ಮೂರೂ ಒಂದೇ ಎಂಬ ಉದಾಹರಣೆಯನ್ನು ಇಂದಿಗೂ ಭಾನುವಾರದ ಮಕ್ಕಳ ತರಗತಿಗಳಲ್ಲಿ ಹೇಳುತ್ತಾರೆ. ಪಾಪ, ಸಭೆ ತಳ್ಳಿಹಾಕಿದ ಹಳೆಯ ಮತವನ್ನೇ ಹೇಳಿಕೊಡುತ್ತಿದ್ದೇವೆಂದು ಆ ಶಿಕ್ಷಕರಿಗೆ ಗೊತ್ತಿರುವುದಿಲ್ಲ. ತಂದೆಯೇ ಮಗನ ವೇಷದಲ್ಲಿ ಬಂದಿದ್ದರೆ, ಬಂಧನಕ್ಕೆ ಮುನ್ನ ತೋಟದಲ್ಲಿ ಮೊಣಕಾಲೂರಿ ಯೇಸು ಪ್ರಾರ್ಥಿಸಿದ್ದು ಯಾರಿಗೆ? ಸಭೆ ಕೇಳಿದ ಪ್ರಶ್ನೆ ಅದು.

ಇನ್ನೊಂದು ವಿವರಣೆ ಈಜಿಪ್ಟಿನ ಅಲೆಕ್ಸಾಂಡ್ರಿಯಾದಿಂದ ಬಂತು. ಕೊಟ್ಟವನು ಏರಿಯಸ್ ಎಂಬ ಪಾದ್ರಿ. ಮಗನು ದೊಡ್ಡವನು, ಎಲ್ಲಕ್ಕಿಂತ ಮೊದಲು ಬಂದವನು, ನಿಜ. ಆದರೆ ಅವನೂ ಸೃಷ್ಟಿಯಾದವನೇ. ಅವನು ಇಲ್ಲದಿದ್ದ ಕಾಲವೊಂದಿತ್ತು. ಇದು ಏರಿಯಸ್ಸನ ಮತ. ಇದನ್ನು ಅವನು ಹಾಡು ಕಟ್ಟಿ ಹರಡಿದ. ಹಡಗಿನವರು, ಹಿಟ್ಟು ಬೀಸುವವರು ಹಾಡಿಕೊಂಡು ತಿರುಗಿದರಂತೆ. ದೇವತಾಶಾಸ್ತ್ರ ಬೀದಿಗಿಳಿಯಿತು.

ರೋಮ್ ಚಕ್ರವರ್ತಿ ಕಾನ್‌ಸ್ಟಂಟೈನ್‌ಗೆ ಇದು ತಲೆನೋವಾಯಿತು. 325ರಲ್ಲಿ ಇಂದಿನ ಟರ್ಕಿಯ ನೈಸಿಯಾದಲ್ಲಿ ಬಿಷಪ್ಪರ ಸಭೆ ಕರೆದ. ಬಂದವರು ಸುಮಾರು ಮುನ್ನೂರು ಮಂದಿ. ಆ ಸಭೆಯನ್ನು ಕಣ್ಣಮುಂದೆ ತಂದುಕೊಳ್ಳಿ. ಚಕ್ರವರ್ತಿ ಕೆನ್ನೀಲಿ ನಿಲುವಂಗಿಯಲ್ಲಿ, ಚಿನ್ನ ರತ್ನಗಳೊಡನೆ ಒಳಗೆ ಬರುತ್ತಾನೆ. ಅವನನ್ನು ಎದ್ದು ಬರಮಾಡಿಕೊಳ್ಳುವವರಲ್ಲಿ ಕೆಲವರಿಗೆ ಒಂದು ಕಣ್ಣಿಲ್ಲ, ಕೆಲವರ ಕೈ ಸುಟ್ಟು ಸೊಟ್ಟಗಾಗಿದೆ ಎಂದು ಹಳೆಯ ಚರಿತ್ರಕಾರರು ಬರೆಯುತ್ತಾರೆ. ಹದಿನೈದು ವರ್ಷಗಳ ಹಿಂದೆ ಇದೇ ರೋಮ್ ಸಾಮ್ರಾಜ್ಯ ಕೊಟ್ಟ ಹಿಂಸೆಯ ಗುರುತುಗಳು ಅವು.

ಸಭೆ ಏರಿಯಸ್ಸನನ್ನು ತಿರಸ್ಕರಿಸಿತು. ಮಗನು ತಂದೆಯ ಸತ್ವವನ್ನೇ ಉಳ್ಳವನು ಎಂದಿತು. ಅಥನಾಸಿಯಸ್ ಎಂಬ ತರುಣ ಬಿಷಪ್ಪನೊಬ್ಬನ ಸಹಾಯಕನಾಗಿ ಅಲ್ಲಿದ್ದ. ಮುಂದೆ ತಾನೇ ಬಿಷಪ್ ಆಗಿ ಜೀವಮಾನವೆಲ್ಲ ಆ ತೀರ್ಮಾನಕ್ಕಾಗಿ ಹೊಡೆದಾಡಿದ. ಐದು ಸಲ ಗಡೀಪಾರಾದ. ಅವನ ವಾದ ತುಂಬ ಸರಳ. ಸೃಷ್ಟಿಯಾದದ್ದು ಸೃಷ್ಟಿಯಾದದ್ದನ್ನು ದೇವರ ಬಳಿಗೆ ಎತ್ತಲಾರದು. ಯೇಸು ದೇವರಲ್ಲದಿದ್ದರೆ ಅವನಿಂದ ರಕ್ಷಣೆ ಇಲ್ಲ. ನೋಡಿ, ಮೊದಲ ದಿನದಿಂದಲೂ ಪ್ರಶ್ನೆ ಲೆಕ್ಕದ್ದಾಗಿರಲಿಲ್ಲ.

ಜಗಳ ಅಲ್ಲಿಗೆ ಮುಗಿಯಲಿಲ್ಲ. ಕಾನ್‌ಸ್ಟಂಟೈನನೇ ಸಾಯುವ ಮುನ್ನ ದೀಕ್ಷಾಸ್ನಾನ ಪಡೆದದ್ದು ಏರಿಯಸ್ಸನ ಪಕ್ಷಕ್ಕೆ ಒಲಿದಿದ್ದ ಬಿಷಪ್ಪನಿಂದ. ಕಾನ್‌ಸ್ಟಾಂಟಿನೋಪಲ್‌ನಲ್ಲಿ ರೊಟ್ಟಿಯ ಬೆಲೆ ಕೇಳಿದರೆ ಅಂಗಡಿಯವ ತಂದೆ ದೊಡ್ಡವನು, ಮಗ ಚಿಕ್ಕವನು ಎಂದು ಉಪದೇಶ ಶುರುಮಾಡುತ್ತಾನೆ ಎಂದು ನಿಸ್ಸಾದ ಬಿಷಪ್ ಗ್ರೆಗರಿ ಗೊಣಗಿದ್ದಾನೆ. ಕೊನೆಗೆ 381ರ ಸಭೆ ಮಾತನ್ನು ಗಟ್ಟಿಮಾಡಿತು: ಸತ್ವ ಒಂದು, ವ್ಯಕ್ತಿಗಳು ಮೂವರು.

ಹಾಗಾದರೆ ಈವರೆಗೆ ಏನು ಕೇಳಿದೆವು? ಯೇಸುವನ್ನು ಬರಿಯ ವೇಷ ಎಂದವರನ್ನು ಸಭೆ ಒಪ್ಪಲಿಲ್ಲ. ಸೃಷ್ಟಿ ಎಂದವರನ್ನೂ ಒಪ್ಪಲಿಲ್ಲ. ಎರಡರ ನಡುವಿನ ಇಕ್ಕಟ್ಟಾದ ದಾರಿಗೆ ತ್ರಿತ್ವ ಎಂದು ಹೆಸರಿಟ್ಟಿತು. ಆ ದಾರಿಯನ್ನು ಬಿಟ್ಟವರಿಗೆ ಮುಂದೆ ಏನಾಯಿತು ಎಂಬುದನ್ನು ಚುಟುಕಾಗಿ ಹೇಳುತ್ತೇನೆ.

ಸ್ಪೇನಿನ ವೈದ್ಯ ಮೈಕೆಲ್ ಸರ್ವೆಟಸ್ ತ್ರಿತ್ವ ತಪ್ಪು ಎಂದು ಬರೆದ. ಶ್ವಾಸಕೋಶದ ಮೂಲಕ ರಕ್ತ ಹರಿಯುವುದನ್ನು ಯೂರೋಪಿನಲ್ಲಿ ಮೊದಲು ವಿವರಿಸಿದವನೂ ಇವನೇ. 1553ರಲ್ಲಿ ಜಿನೀವಾದಲ್ಲಿ ಅವನನ್ನು ಜೀವಂತ ಸುಟ್ಟರು. ಸುಟ್ಟವರು ಪೋಪನ ಕಡೆಯವರಲ್ಲ, ಸುಧಾರಕ ಕ್ಯಾಲ್ವಿನನ ಪ್ರಾಟೆಸ್ಟಂಟರು. ಐಸಾಕ್ ನ್ಯೂಟನ್ನನಿಗೂ ತ್ರಿತ್ವದಲ್ಲಿ ನಂಬಿಕೆ ಇರಲಿಲ್ಲ. ಅವನು ಪುಟಗಟ್ಟಲೆ ಬರೆದ, ಬರೆದದ್ದನ್ನು ಪೆಟ್ಟಿಗೆಯಲ್ಲಿಟ್ಟು ಬಾಯಿ ಮುಚ್ಚಿಕೊಂಡಿದ್ದ. ಜಾಣ. ಇಂಗ್ಲೆಂಡಿನಲ್ಲಿ ತ್ರಿತ್ವವನ್ನು ಅಲ್ಲಗಳೆಯುವುದು ಕಾನೂನಿನ ಪ್ರಕಾರ ಅಪರಾಧವಾಗಿತ್ತು. ಆ ಕಾನೂನು ಹೋದದ್ದು 1813ರಲ್ಲಿ. ಅಲ್ಲಗಳೆಯುವವರಿಗೆ ಯುನಿಟೇರಿಯನ್ನರು, ಅಂದರೆ ಏಕದೇವವಾದಿಗಳು ಎಂಬ ಹೆಸರು ಬಂದಿತ್ತು.

1813 ಎಂಬ ವರ್ಷವನ್ನು ನೆನಪಿಡಿ. ಈಸ್ಟ್ ಇಂಡಿಯಾ ಕಂಪನಿ ಸರ್ಕಾರದ ನೆಲದಲ್ಲಿ ಕೆಲಸ ಮಾಡಲು ಮಿಷನರಿಗಳಿಗೆ ದಾರಿ ತೆರೆದದ್ದೂ ಅದೇ ವರ್ಷ. ತ್ರಿತ್ವವನ್ನು ಸಾರುವವರಿಗೆ ಭಾರತದ ಬಾಗಿಲು, ಅದನ್ನು ಒಪ್ಪದವರಿಗೆ ಇಂಗ್ಲೆಂಡಿನಲ್ಲಿ ಬಿಡುಗಡೆ, ಎರಡನ್ನೂ ಒಂದೇ ವರ್ಷ ಕೊಟ್ಟದ್ದು ಅದೇ ಪಾರ್ಲಿಮೆಂಟು. ಇಬ್ಬರೂ ಬಂದು ಸೇರಿದ್ದು ಹೂಗ್ಲಿ ನದಿಯ ದಡಕ್ಕೆ.

ಈಗ ಕಲ್ಕತ್ತೆಗೆ ಬರೋಣ. ಅಲ್ಲಿಂದ ಸ್ವಲ್ಪ ದೂರದಲ್ಲಿ, ನದಿಯ ಆಚೆ ದಡದಲ್ಲಿ ಶ್ರೀರಾಮಪುರ. ಇಂಗ್ಲಿಷರು ಸೆರಾಂಪುರ್ ಎನ್ನುತ್ತಿದ್ದರು. ಊರು ಆಗ ಡೆನ್ಮಾರ್ಕಿನವರದು. ಕಂಪನಿ ಮಿಷನರಿಗಳನ್ನು ಓಡಿಸುತ್ತಿದ್ದ ಕಾಲದಲ್ಲಿ ವಿಲಿಯಂ ಕೇರಿ, ಜೋಶುವಾ ಮಾರ್ಷ್‌ಮನ್, ವಿಲಿಯಂ ವಾರ್ಡ್ ಎಂಬ ಮೂವರು ಬ್ಯಾಪ್ಟಿಸ್ಟರು ಇಲ್ಲಿ ನೆಲೆ ನಿಂತರು. ಇವರನ್ನು ‘ಸೆರಾಂಪುರದ ತ್ರಯ’ ಎನ್ನುತ್ತಾರೆ. ಅಚ್ಚುಕೂಟ ಹಾಕಿದರು, ಕಾಲೇಜು ಕಟ್ಟಿದರು, ಹತ್ತಾರು ಭಾಷೆಗಳಲ್ಲಿ ಪುಸ್ತಕ ತಂದರು. ನಮಗೂ ಅವರ ಋಣವಿದೆ. 1817ರಲ್ಲಿ ಕೇರಿ ಬರೆದ ಕನ್ನಡ ವ್ಯಾಕರಣ ಅಚ್ಚಾದದ್ದು ಅದೇ ಅಚ್ಚುಕೂಟದಲ್ಲಿ.

ರಾಮಮೋಹನ ರಾಯರು ಆ ಹೊತ್ತಿಗೆ ಕಲ್ಕತ್ತೆಯಲ್ಲಿ ಹೆಸರಾಗಿದ್ದರು. ಪಾರಸಿ, ಅರಬಿ, ಸಂಸ್ಕೃತ ಬಲ್ಲವರು. ವಿಗ್ರಹಪೂಜೆಯ ವಿರುದ್ಧ ಬರೆದವರು. ಉಪನಿಷತ್ತುಗಳನ್ನು ಬಂಗಾಳಿಗೂ ಇಂಗ್ಲಿಷಿಗೂ ತಂದು, ನಮ್ಮ ಶಾಸ್ತ್ರಗಳೂ ಒಬ್ಬನೇ ದೇವರನ್ನು ಹೇಳುತ್ತವೆ ಎಂದು ಪಂಡಿತರೊಡನೆ ಕಾದಿದವರು. ಮಿಷನರಿಗಳಿಗೆ ಅವರ ಮೇಲೆ ಆಸೆ ಹುಟ್ಟಿದ್ದು ಸಹಜ. ಇನ್ನೊಂದು ಹೆಜ್ಜೆ ಇಟ್ಟರೆ ನಮ್ಮವರೇ ಆಗಿಬಿಡುತ್ತಾರೆ ಎಂದು ಅವರ ಲೆಕ್ಕ.

ರಾಯರು ಇಟ್ಟ ಹೆಜ್ಜೆ ಬೇರೆಯದು. 1820ರಲ್ಲಿ ‘ಯೇಸುವಿನ ಉಪದೇಶಗಳು’ ಎಂಬ ಪುಸ್ತಕ ತಂದರು. ನಾಲ್ಕು ಸುವಾರ್ತೆಗಳಿಂದ ಆರಿಸಿದ ಭಾಗಗಳು. ಶಾಂತಿಗೂ ಸುಖಕ್ಕೂ ದಾರಿ ಎಂದು ಉಪಶೀರ್ಷಿಕೆ. ಬೆಟ್ಟದ ಮೇಲಿನ ಪ್ರಸಂಗ ಇದೆ. ಸಾಮತಿಗಳು, ಅಂದರೆ ಯೇಸು ಹೇಳಿದ ದೃಷ್ಟಾಂತ ಕಥೆಗಳು, ಇವೆ. ನೆರೆಯವರನ್ನು ಪ್ರೀತಿಸುವ ಮಾತಿದೆ. ಪವಾಡಗಳಿಲ್ಲ, ಯೇಸುವಿನ ದೈವತ್ವವನ್ನು ಹೇಳಲು ಪಾದ್ರಿಗಳು ಎತ್ತಿ ತೋರಿಸುವ ಭಾಗಗಳೂ ಇಲ್ಲ. ಯಾಕೆ ಬಿಟ್ಟಿರಿ ಎಂದು ಕೇಳಿದ್ದಕ್ಕೆ ಅವರ ಉತ್ತರದಲ್ಲಿ ತುಂಟತನವಿದೆ. ನಮ್ಮ ಜನರಿಗೆ ಪವಾಡದ ಬರ ಇಲ್ಲ. ಅಗಸ್ತ್ಯ ಸಮುದ್ರವನ್ನೇ ಕುಡಿದ ಕಥೆ ಕೇಳಿದವರು ನಿಮ್ಮ ಪವಾಡಗಳಿಗೆ ಬೆರಗಾಗುವುದಿಲ್ಲ. ಅವರು ಹೇಳಿದ್ದರ ಸಾರ ಇದು.

ಸೆರಾಂಪುರದವರ ‘ಫ್ರೆಂಡ್ ಆಫ್ ಇಂಡಿಯಾ’ ಪತ್ರಿಕೆ ಸಿಡಿಯಿತು. ಪುಸ್ತಕ ಮಾಡಿದವನನ್ನು ‘ಹೀದನ್’ ಎಂದು ಕರೆಯಿತು. ದೇವರನ್ನು ಅರಿಯದ ಅನ್ಯಜನ ಎಂಬರ್ಥದ ಬೈಗುಳ ಅದು. ಒಬ್ಬನೇ ದೇವರಿಗಾಗಿ ಮನೆಯವರನ್ನೂ ಪಂಡಿತರನ್ನೂ ಎದುರು ಹಾಕಿಕೊಂಡ ಮನುಷ್ಯನಿಗೆ ಈ ಬಿರುದು! ರಾಯರಿಗೆ ನೋವಾಯಿತು. ಅವರು ನೋವನ್ನು ನುಂಗಿಕೊಂಡು ಕೂರುವ ಸ್ವಭಾವದವರಲ್ಲ. ‘ಕ್ರೈಸ್ತ ಸಾರ್ವಜನಿಕರಿಗೆ ಮನವಿ’ ಎಂಬ ಪುಸ್ತಿಕೆ ತಂದರು. ಮಾರ್ಷ್‌ಮನ್ ಉತ್ತರಿಸಿದರು. 1821ರಲ್ಲಿ ರಾಯರ ಎರಡನೆಯ ಮನವಿ. ಮಾರ್ಷ್‌ಮನ್‌ರಿಂದ ಇನ್ನೂ ದೊಡ್ಡ ಉತ್ತರ. ಅಷ್ಟರಲ್ಲಿ ರಾಯರು ಹೀಬ್ರೂ, ಗ್ರೀಕ್ ಕಲಿತು ಮೂಲಕ್ಕೇ ಕೈಹಾಕಿದ್ದರು. 1823ರಲ್ಲಿ ‘ಕೊನೆಯ ಮನವಿ’ ಸಿದ್ಧವಾದಾಗ, ಹಿಂದಿನವನ್ನು ಅಚ್ಚುಮಾಡಿದ್ದ ಬ್ಯಾಪ್ಟಿಸ್ಟ್ ಮಿಷನ್ ಪ್ರೆಸ್ ಇದನ್ನು ಒಲ್ಲೆ ಎಂದಿತು. ರಾಯರು ಧರ್ಮತಲಾದಲ್ಲಿ ತಮ್ಮದೇ ಅಚ್ಚುಕೂಟ ಹಾಕಿದರು. ಹೆಸರು, ಯುನಿಟೇರಿಯನ್ ಪ್ರೆಸ್.

ಕೇಳುಗರೇ, ಪುಸ್ತಕ, ಅದಕ್ಕೆ ಆಕ್ಷೇಪ, ಆಮೇಲೆ ಮೂರು ಮನವಿಗಳು. ಇಷ್ಟು ಘಟನೆಯ ಕಥೆ. ಇನ್ನು ವಾದದ ಒಳಗೆ ಇಳಿಯೋಣ. ಇಬ್ಬರೂ ನಿಜವಾಗಿ ಹೇಳಿದ್ದೇನು?

ಮಾರ್ಷ್‌ಮನ್ ಹೇಳಿದ್ದು ಇದು. ಯೇಸು ಪಾಪಗಳನ್ನು ಕ್ಷಮಿಸಿದ. ಜನ ಅಡ್ಡಬಿದ್ದಾಗ ಬೇಡ ಎನ್ನಲಿಲ್ಲ. ತನ್ನ ಹೆಸರಿನಲ್ಲಿ ಇಬ್ಬರು ಮೂವರು ಸೇರಿದ ಕಡೆಯೆಲ್ಲ ತಾನಿರುತ್ತೇನೆ ಎಂದ. ಜಗತ್ತಿಗೆ ತೀರ್ಪು ಕೊಡುವವನೂ ತಾನೇ ಎಂದ. ಇವು ದೇವರಲ್ಲದವನು ಆಡುವ ಮಾತುಗಳೇ? ತಾನೂ ತಂದೆಯೂ ಒಂದೇ ಎಂದು ಅವನೇ ಹೇಳಿದ್ದಾನಲ್ಲ.

ರಾಯರು ಅದೇ ಮಾತನ್ನು ಹಿಡಿದರು. ಆ ಮಾತು ಬರುವ ಸುವಾರ್ತೆಯಲ್ಲೇ ಯೇಸು ತನ್ನ ಶಿಷ್ಯರಿಗಾಗಿ ಪ್ರಾರ್ಥಿಸುತ್ತಾನೆ. ತಾನೂ ತಂದೆಯೂ ಒಂದಾಗಿರುವಂತೆ ಇವರೂ ಒಂದಾಗಿರಲಿ ಎನ್ನುತ್ತಾನೆ. ಹಾಗಾದರೆ ಹನ್ನೊಂದು ಮಂದಿ ಶಿಷ್ಯರೂ ಸೇರಿ ಒಂದೇ ಸತ್ವವೇ? ಅಲ್ಲ. ಅಲ್ಲಿ ‘ಒಂದು’ ಎಂದರೆ ಮನಸ್ಸು ಒಂದು, ಇಚ್ಛೆ ಒಂದು. ಇಲ್ಲಿಯೂ ಹಾಗೆಯೇ ಏಕೆ ಆಗಬಾರದು? ಯೇಸುವಿಗೆ ಅಧಿಕಾರವಿತ್ತು, ಸರಿ. ಅದು ದೇವರು ಕೊಟ್ಟದ್ದು ಎಂದು ಯೇಸುವೇ ಹೇಳುತ್ತಾನೆ. ಕೊಡುವವನೂ ಪಡೆಯುವವನೂ ಸಮಾನರಾಗುವುದು ಹೇಗೆ? ಈ ತರ್ಕ ಗಟ್ಟಿಯಾದದ್ದು. ಮಾರ್ಷ್‌ಮನ್‌ರು ಪುಟಗಟ್ಟಲೆ ಬರೆದರೂ ಇದನ್ನು ಅಲುಗಿಸಲು ಆಗಲಿಲ್ಲ ಎಂದೇ ನನಗೆ ತೋರುತ್ತದೆ.

ಆದರೆ ಮಾರ್ಷ್‌ಮನ್‌ರ ನಿಜವಾದ ಬಲ ಬೇರೆ ಕಡೆ ಇತ್ತು. ನೀವು ಉಪದೇಶವನ್ನು ಕತ್ತರಿಸಿ ತೆಗೆದು ಇದೇ ಸಾಕು ಎನ್ನುತ್ತೀರಿ. ಆ ಉಪದೇಶವನ್ನು ಪಾಲಿಸಿದವರು ಯಾರು? ಶತ್ರುವನ್ನು ಪ್ರೀತಿಸು ಎಂಬುದನ್ನು ನಡೆಸಿ ತೋರಿಸಿದವರು ಎಷ್ಟು ಮಂದಿ? ಪಾಲಿಸಲಾರದೆ ಸೋತವನಿಗೆ ಉಪದೇಶ ಸಮಾಧಾನ ಕೊಡುವುದಿಲ್ಲ, ಅವನ ಸೋಲನ್ನೇ ಎತ್ತಿ ತೋರಿಸುತ್ತದೆ. ಅವನಿಗೆ ಬೇಕಾದದ್ದು ಪ್ರಾಯಶ್ಚಿತ್ತ. ಹಳೆಯ ಒಡಂಬಡಿಕೆಯ ಬಲಿಗಳಿಂದ ಹಿಡಿದು ಶಿಲುಬೆಯವರೆಗೆ ಮಾರ್ಷ್‌ಮನ್ ಒಂದೇ ಎಳೆ ಎಳೆಯುತ್ತಾರೆ. ಆ ಪ್ರಾಯಶ್ಚಿತ್ತ ಎಲ್ಲರಿಗೂ ಸಲ್ಲಬೇಕಾದರೆ ಸತ್ತವನು ಬರಿಯ ಮನುಷ್ಯನಾಗಿರಲಾರ. ಅಥನಾಸಿಯಸ್ಸನ ಮಾತು ಸಾವಿರದ ಐನೂರು ವರ್ಷ ದಾಟಿ ಹೂಗ್ಲಿ ದಡದಲ್ಲಿ ಮತ್ತೆ ಕೇಳಿಸಿತು.

ರಾಯರ ಉತ್ತರ ನ್ಯಾಯಾಲಯದ್ದು. ಒಬ್ಬನ ತಪ್ಪಿಗೆ ಇನ್ನೊಬ್ಬ ನಿರಪರಾಧಿಯನ್ನು ಶಿಕ್ಷಿಸುವುದು ಯಾವ ನ್ಯಾಯ? ಮನುಷ್ಯರೇ ಒಪ್ಪದ ಕೆಲಸವನ್ನು ದೇವರ ತಲೆಗೆ ಕಟ್ಟುತ್ತೀರಾ? ದಾರಿತಪ್ಪಿದ ಮಗ ಮನೆಗೆ ಹಿಂದಿರುಗಿದ ಸಾಮತಿಯನ್ನು ನೋಡಿ. ತಂದೆ ಯಾರ ರಕ್ತವನ್ನೂ ಕೇಳಲಿಲ್ಲ. ಮಗ ಪಶ್ಚಾತ್ತಾಪಪಟ್ಟ, ತಂದೆ ಓಡಿಬಂದು ಅಪ್ಪಿಕೊಂಡ. ಅಷ್ಟೇ.

ಇಲ್ಲಿ ಒಂದು ನಿಮಿಷ ನಿಲ್ಲೋಣ. ಗಮನಿಸಿದಿರಾ, ಒಂದು ಮೂರು ಎಂಬ ಅಂಕಿಗಳು ಯಾವಾಗಲೋ ಮರೆಗೆ ಸರಿದಿವೆ. ಮಾತು ಈಗ ಪಶ್ಚಾತ್ತಾಪ ಸಾಕೋ, ಬಲಿ ಬೇಕೋ ಎಂಬಲ್ಲಿಗೆ ಬಂದು ನಿಂತಿದೆ.

ಆದರೂ ಅಂಕಿಯ ಆಸೆ ರಾಯರನ್ನು ಪೂರ್ತಿ ಬಿಡಲಿಲ್ಲ. ಅದಕ್ಕೆ ಸಾಕ್ಷಿ 1823ರ ಒಂದು ಪುಟ್ಟ ವಿಡಂಬನೆ. ಒಬ್ಬ ಪಾದ್ರಿ, ಅವನ ಮೂವರು ಚೀನೀ ಶಿಷ್ಯರು. ದೇವರೆಷ್ಟು ಎಂದು ಪಾದ್ರಿ ಕೇಳುತ್ತಾನೆ. ಮೂರು ಎನ್ನುತ್ತಾನೆ ಮೊದಲನೆಯವನು. ನೀವು ಹೆಸರಿಸಿದವರನ್ನು ಕೂಡಿಸಿದೆ ಎನ್ನುತ್ತಾನೆ. ಎರಡನೆಯವನು ಎರಡು ಎನ್ನುತ್ತಾನೆ. ಮೂವರಲ್ಲಿ ಒಬ್ಬ ಪಶ್ಚಿಮದ ಯಾವುದೋ ಊರಲ್ಲಿ ಸತ್ತನೆಂದು ನೀವೇ ಹೇಳಿದಿರಲ್ಲ. ಮೂರನೆಯವನ ಉತ್ತರ, ಒಬ್ಬನೂ ಇಲ್ಲ. ದೇವರು ಒಬ್ಬನೇ ಅಂದಿರಿ, ಕ್ರಿಸ್ತನೇ ಆ ದೇವರು ಅಂದಿರಿ, ಅವನನ್ನು ಕೊಂದು ಸಾವಿರದ ಎಂಟುನೂರು ವರ್ಷವಾಯಿತು ಅಂದಿರಿ. ಇನ್ನು ಉಳಿದವರು ಯಾರು?

ನಗು ಬರುತ್ತದೆ. ಬರೆದವರ ಕೈ ಚುರುಕಾದದ್ದು. ಆದರೆ ನ್ಯಾಯವಾದದ್ದಲ್ಲ. ಮಾರ್ಷ್‌ಮನ್‌ರ ಪ್ರಶ್ನೆಯನ್ನು ಇದು ಮುಟ್ಟುವುದೇ ಇಲ್ಲ. ‘ಹೀದನ್’ ಎಂದವರಿಗೆ ಕೊಟ್ಟ ಏಟಿಗೆ ಏಟು, ಅಷ್ಟೇ.

ಈ ವಾದದಲ್ಲಿ ಒಬ್ಬರು ಪಕ್ಷ ಬದಲಿಸಿದರು. ಬದಲಿಸಿದವರು ರಾಯರಲ್ಲ. ವಿಲಿಯಂ ಆಡಂ ಎಂಬ ಸ್ಕಾಟ್ಲೆಂಡಿನ ತರುಣ ಬ್ಯಾಪ್ಟಿಸ್ಟ್ ಮಿಷನರಿ. 1818ರಲ್ಲಿ ಬಂಗಾಳಕ್ಕೆ ಬಂದವರು. ಸುವಾರ್ತೆಗಳನ್ನು ಬಂಗಾಳಿಗೆ ತರುವ ಕೆಲಸದಲ್ಲಿ ರಾಯರೊಡನೆ ಕುಳಿತವರು. ಸುಮಾರು ಮೂರು ವರ್ಷಗಳಲ್ಲಿ ತಾನು ತ್ರಿತ್ವವನ್ನು ನಂಬಲಾರೆ ಎಂದು ಬಹಿರಂಗವಾಗಿ ಹೇಳಿದರು. ಮತಾಂತರ ಮಾಡಲು ಬಂದವರು ತಾವೇ ಮತ ಬದಲಿಸಿದರು ಎಂದು ಕಲ್ಕತ್ತೆಯ ಬಿಳಿಯರು ಆಡಿಕೊಂಡರು. ‘ಬಿದ್ದುಹೋದ ಎರಡನೆಯ ಆದಾಮ’ ಎಂಬ ಅಡ್ಡಹೆಸರು ಅವರಿಗೆ ಅಂಟಿತು. 1821ರಲ್ಲಿ ಕಲ್ಕತ್ತಾ ಯುನಿಟೇರಿಯನ್ ಸಮಿತಿ ಹುಟ್ಟಿತು. ಅದರಲ್ಲಿ ಆಡಂ, ರಾಯರು, ಕೆಲವು ಇಂಗ್ಲಿಷ್ ವಕೀಲರು ಇದ್ದರು. ರವೀಂದ್ರನಾಥ ಠಾಕೂರರ ಅಜ್ಜ ದ್ವಾರಕಾನಾಥರೂ ಇದ್ದರು.

ಸಮಿತಿ ಚೆನ್ನಾಗಿ ಬೆಳೆಯಲಿಲ್ಲ. ಆಡಂ ನಡೆಸುತ್ತಿದ್ದ ಆರಾಧನೆಗೆ ಬರುವವರೇ ಕಡಿಮೆಯಾದರು. ಅಲ್ಲಿಂದ ಹಿಂದಿರುಗುವಾಗ, ನಮಗೇ ಒಂದು ಪ್ರಾರ್ಥನೆಯ ಸ್ಥಳ ಏಕಿರಬಾರದು ಎಂದು ರಾಯರ ಶಿಷ್ಯರು ಕೇಳಿದರಂತೆ. 1828ರಲ್ಲಿ ಬ್ರಹ್ಮಸಭೆ ಶುರುವಾಯಿತು. ಮುಂದೆ ಅದೇ ಬ್ರಹ್ಮಸಮಾಜ. ಅದರ ಕಾವು 1870ರಲ್ಲಿ ನಮ್ಮ ಮಂಗಳೂರಿಗೂ ತಲುಪಿತು. ದಲಿತರ ಶಿಕ್ಷಣಕ್ಕಾಗಿ ದುಡಿದ ಕುದ್ಮುಲ್ ರಂಗರಾಯರು ಆ ಸಮಾಜದವರು. ಆಡಂ ಬೇರೆ ದಾರಿ ಹಿಡಿದರು. 1830ರ ದಶಕದಲ್ಲಿ ಬಂಗಾಳದ ಹಳ್ಳಿಯ ಶಾಲೆಗಳ ಬಗ್ಗೆ ಅವರು ಬರೆದ ವರದಿಗಳನ್ನು ಇಂದಿಗೂ ಶಿಕ್ಷಣದ ಚರಿತ್ರೆ ಬರೆಯುವವರು ಬಿಡುವಂತಿಲ್ಲ. ರಾಯರು 1833ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ತೀರಿಕೊಂಡರು. ಕೊನೆಯ ದಿನಗಳಲ್ಲಿ ಅವರ ಸುತ್ತ ಇದ್ದವರಲ್ಲಿ ಬಹಳ ಮಂದಿ ಯುನಿಟೇರಿಯನ್ನರು. ಆದರೂ ಅವರು ಕ್ರೈಸ್ತರಾಗಲಿಲ್ಲ. ಜನಿವಾರ ಅವರ ಮೈಮೇಲೆಯೇ ಇತ್ತು.

ಕಲ್ಕತ್ತೆಯ ಕಥೆ ಇಷ್ಟು. ಆದರೆ ಪ್ರಶ್ನೆ ಸುಮ್ಮನಾಗಲಿಲ್ಲ. ಖಾಸಿ ಮತ್ತು ಜೈಂತಿಯಾ ಬೆಟ್ಟಗಳಲ್ಲಿ ಹಾಜೊಮ್ ಕಿಸ್ಸೊರ್ ಸಿಂಗ್ ಎಂಬ ತರುಣನಿಗೆ ಅದು ಮತ್ತೆ ಎದ್ದಿತು. ವೇಲ್ಸಿನ ಮಿಷನರಿಗಳಿಂದ ಕ್ರೈಸ್ತನಾದವನು. ಬೈಬಲ್ ಓದುತ್ತ ಓದುತ್ತ ತ್ರಿತ್ವ ಅವನಿಗೆ ಒಗ್ಗಲಿಲ್ಲ. ತನ್ನಂತೆ ಯೋಚಿಸುವವರು ಜಗತ್ತಿನಲ್ಲಿದ್ದಾರೆಂದು ತಿಳಿದದ್ದು ಕಲ್ಕತ್ತೆಯಲ್ಲಿದ್ದ ಅಮೆರಿಕದ ಯುನಿಟೇರಿಯನ್ ಚಾರ್ಲ್ಸ್ ಡಾಲ್ ಅವರ ಪತ್ರಗಳಿಂದ. 1887ರಲ್ಲಿ ಜೊವಾಯ್ ಊರಿನಲ್ಲಿ ಅವನು ಆರಂಭಿಸಿದ ಸಭೆಗೆ ಇಂದು ಮೇಘಾಲಯದಲ್ಲಿ ಸಾವಿರಾರು ಮಂದಿ ಸದಸ್ಯರಿದ್ದಾರೆ.

ಇದಕ್ಕೆ ತೀರ ವಿರುದ್ಧ ದಿಕ್ಕಿನಿಂದ ಬಂದ ಏಕತ್ವವೂ ಒಂದಿದೆ. 1913ರ ಹೊತ್ತಿಗೆ ಅಮೆರಿಕದ ಪೆಂಟಕಾಸ್ಟ್ ಸಭೆಗಳಲ್ಲಿ ಕೆಲವರು ಯೇಸುವಿನ ಹೆಸರೊಂದರಲ್ಲೇ ದೀಕ್ಷಾಸ್ನಾನ ಕೊಡತೊಡಗಿದರು. ದೇವರು ಒಬ್ಬನೇ, ಆ ಒಬ್ಬನೇ ಯೇಸು ಎಂಬುದು ಅವರ ನಿಲುವು. ರಾಯರ ಏಕದೇವನಲ್ಲಿ ಯೇಸುವಿಗೆ ಗುರುವಿನ ಸ್ಥಾನ. ಇವರ ಏಕದೇವನೋ ಯೇಸುವೇ. ಒಂದೇ ಮಾತು ಎಷ್ಟು ದೂರದೂರದ ಕೊನೆಗಳನ್ನು ಮುಟ್ಟುತ್ತದೆ ನೋಡಿ.

ಸಮಯ ಮುಗಿಯುತ್ತ ಬಂತು. ಗೆದ್ದವರು ಯಾರು ಎಂದು ನೀವು ಕೇಳಬಹುದು. ಬೈಬಲ್ಲಿನ ಮಾತುಗಳನ್ನು ಎದುರುಬದುರು ನಿಲ್ಲಿಸಿ ಜಗ್ಗಾಡುವುದರಲ್ಲಿ ರಾಯರೇ ಮೇಲು. ಸೆರಾಂಪುರದವರು ಅಂಥ ಎದುರಾಳಿಯನ್ನು ನಿರೀಕ್ಷಿಸಿರಲಿಲ್ಲ. ಆದರೆ ಉಪದೇಶ ಗೊತ್ತಿದ್ದೂ ನಡೆಯಲಾರದ ಮನುಷ್ಯನಿಗೆ ಏನು ದಾರಿ ಎಂದು ಮಾರ್ಷ್‌ಮನ್ ಕೇಳಿದರಲ್ಲ, ಅದಕ್ಕೆ ಪಶ್ಚಾತ್ತಾಪ ಎಂಬ ರಾಯರ ಒಂದು ಮಾತಿನ ಉತ್ತರ ನನಗೆ ಸಾಲದು. ಪಶ್ಚಾತ್ತಾಪವನ್ನೂ ಸರಿಯಾಗಿ ಮಾಡಲಾರದವರು ನಮ್ಮಲ್ಲಿ ಬಹಳ ಮಂದಿ. ಇಷ್ಟಾಗಿ, ರಾಯರ ಉತ್ತರವನ್ನು ಅಚ್ಚು ಮಾಡಲು ಒಪ್ಪದ ಮಿಷನ್ ಪ್ರೆಸ್ಸಿನ ನಡೆಯನ್ನು ನಾನು ಸಮರ್ಥಿಸಲಾರೆ.

ಇಬ್ಬರ ಪುಸ್ತಕಗಳೂ ಓದಲು ಸಿಗುತ್ತವೆ. ಮೂರು ಮನವಿಗಳಲ್ಲಿ ಮೊದಲನೆಯದು ಚಿಕ್ಕದು, ಕೊನೆಯದು ದಪ್ಪನೆಯದು. ಚಿಕ್ಕದರಿಂದ ಶುರುಮಾಡಿ. ಓದುವಾಗ ಮಾರ್ಷ್‌ಮನ್‌ರ ಉತ್ತರವನ್ನೂ ಪಕ್ಕದಲ್ಲಿ ಇಟ್ಟುಕೊಳ್ಳಿ.